ಸಂಘದ ಪಟ್ಟಿಯಲ್ಲಿ ಯಾರ್ಯಾರ ಹೆಸರಿದೆ?

ಬೆಂಗಳೂರು ಕಾಸ್ಮೊಪಾಲಿಟನ್ ನಗರ ಎನ್ನುವವರು ಸಾಮಾನ್ಯವಾಗಿ ಎರಡು ಸಾಕ್ಷಿ ಕೊಡುತ್ತಾರೆ. ಮೊದಲನೆಯದು ಜನಗಣತಿಯದು. 2011ರ ಲೆಕ್ಕದಂತೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 96 ಲಕ್ಷ. ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ, ಉಳಿದವರು ತಮಿಳು, ತೆಲುಗು, ಉರ್ದು, ಹಿಂದಿ, ಮಲಯಾಳ ಮತ್ತಿತರ ನುಡಿಗಳವರು. ಎರಡನೆಯದು ನಾಗರಿಕ ಸಮಾಜದ ಲವಲವಿಕೆ. ಕೆರೆ ಉಳಿಸಲು ಹೊರಟ ಗುಂಪುಗಳು, ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘಗಳು, ಪಾಲಿಕೆಯ ಬಜೆಟ್ ಓದಿ ಪ್ರಶ್ನೆ ಕೇಳುವ ಸಂಸ್ಥೆಗಳು ಇಲ್ಲಿ ಇರುವಷ್ಟು ಬೇರೆ ಕಡೆ ಇರುವುದು ಕಡಿಮೆ. ಬಗೆಬಗೆಯ ಜನರಿದ್ದಾರೆ, ಸಂಘಗಳೂ ಬೇಕಾದಷ್ಟಿವೆ, ಆದ್ದರಿಂದ ಎಲ್ಲರನ್ನೂ ಒಳಗೊಳ್ಳುವ ನಾಗರಿಕ ಬದುಕು ತಾನಾಗಿಯೇ ಇದೆ ಎಂಬ ತೀರ್ಮಾನಕ್ಕೆ ಪತ್ರಿಕೆಗಳಷ್ಟೇ ಅಲ್ಲ, ಸಮಾಜ ಸಂಶೋಧನೆಯ ಒಂದು ಭಾಗವೂ ಬಂದುಬಿಡುತ್ತದೆ. ಈ ಎರಡು ಸಾಕ್ಷಿಗಳನ್ನು ಕೂಡಿಸಿದರೆ ಆ ಮೊತ್ತ ಬರುವುದಿಲ್ಲ. ಬಗೆಬಗೆಯ ಜನ ಒಂದೇ ಸಂಘದಲ್ಲಿದ್ದಾರೆಯೇ, ಅಥವಾ ತಂತಮ್ಮ ಸಂಘಗಳಲ್ಲಿದ್ದಾರೆಯೇ ಎಂಬ ಮೂರನೆಯ ಪ್ರಶ್ನೆಗೆ ಉತ್ತರ ಸಿಗುವವರೆಗೆ ಲೆಕ್ಕ ಅರ್ಧವೇ.

ಈ ಪ್ರಶ್ನೆ ಹಿಂದೆ ಬಿದ್ದದ್ದಕ್ಕೆ ಕಾರಣವಿದೆ. 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಜರ್ಮನ್ ತತ್ವಜ್ಞಾನಿ ಇಮ್ಯಾನ್ಯುಯಲ್ ಕಾಂಟ್ ಇಟ್ಟ ಬೇಡಿಕೆ ಬಹಳ ಸಣ್ಣದು: ಪರನಾಡಿಗೆ ಬಂದವನನ್ನು ಶತ್ರುವಿನಂತೆ ನಡೆಸಿಕೊಳ್ಳಬಾರದು. ಇದು ದಾನಧರ್ಮವಲ್ಲ, ಬಂದವನ ಹಕ್ಕು ಎಂದು ಆತ ವಾದಿಸಿದ. ಅಲ್ಲಿ ಮಾತು ನಡವಳಿಕೆಯದು, ಮನೋಭಾವದ್ದಲ್ಲ. ಎರಡು ಶತಮಾನ ಕಳೆಯುವಷ್ಟರಲ್ಲಿ ಒತ್ತು ಮನಸ್ಸಿನ ಕಡೆಗೆ ಸರಿದಿತ್ತು. 1994ರಲ್ಲಿ ಅಮೆರಿಕದ ತತ್ವಜ್ಞಾನಿ ಮಾರ್ಥಾ ನುಸ್‌ಬಾಮ್ ರವೀಂದ್ರನಾಥ ಟ್ಯಾಗೋರರ ‘ಘರೇ ಬೈರೇ’ ಕಾದಂಬರಿಯನ್ನು ಮುಂದಿಟ್ಟುಕೊಂಡು, ನಮ್ಮ ಮೊದಲ ನಿಷ್ಠೆ ಇಡೀ ಮನುಕುಲಕ್ಕೆ ಸಲ್ಲಬೇಕು ಎಂದು ವಾದಿಸಿದಾಗ ಚರ್ಚೆ ನಡೆದದ್ದು ನಿಷ್ಠೆಯ ಬಗ್ಗೆ, ಅಂದರೆ ಒಳಗಿನ ಭಾವದ ಬಗ್ಗೆ. ಸಮೀಕ್ಷೆಗಳೂ ಅದೇ ಜಾಡು ಹಿಡಿದವು. ‘ನೀವು ವಿಶ್ವ ನಾಗರಿಕರೆಂದು ಭಾವಿಸುತ್ತೀರಾ’ ಎಂದು ಕೇಳಿ ಅಂಕ ಹಾಕುವುದು ಸುಲಭ. ಪಾಸ್‌ಪೋರ್ಟ್, ಇಂಗ್ಲಿಷ್, ವಿದೇಶದಲ್ಲೊಬ್ಬ ಮಗಳು ಇರುವವರಿಗೆ ಅಂಥ ಪ್ರಶ್ನೆಗೆ ಹೌದು ಎನ್ನಲು ಏನೂ ಖರ್ಚಿಲ್ಲ. ಸಮಾಜಶಾಸ್ತ್ರಜ್ಞ ಕ್ರೇಗ್ ಕ್ಯಾಲ್‌ಹೂನ್ 2002ರಲ್ಲೇ ಇದನ್ನು, ಮತ್ತೆ ಮತ್ತೆ ವಿಮಾನ ಹತ್ತುವವರ ವರ್ಗಪ್ರಜ್ಞೆ ಎಂದು ಚುಚ್ಚಿದ್ದರು. ಆ ಚುಚ್ಚು ಸರಿಯಾದ ಜಾಗಕ್ಕೇ ತಾಗಿತ್ತು.

ನಾಗರಿಕ ಸಮಾಜದ ಅಧ್ಯಯನದಲ್ಲೂ ಇಂಥದೇ ಓರೆನೋಟವಿದೆ. ನೋಂದಣಿ, ಪದಾಧಿಕಾರಿಗಳು, ವಾರ್ಷಿಕ ವರದಿ ಇರುವ ಸಂಸ್ಥೆ ಎಣಿಕೆಗೆ ಸಿಗುತ್ತದೆ. ಸಿಕ್ಕಿದ್ದೇ ನಾಗರಿಕ ಸಮಾಜವಾಗುತ್ತದೆ. ರಾಜಕೀಯ ಚಿಂತಕ ಪಾರ್ಥ ಚಟರ್ಜಿ 2004ರ ಪುಸ್ತಕದಲ್ಲಿ, ಭಾರತದಲ್ಲಿ ನಾಗರಿಕ ಸಮಾಜ ಎಂಬುದು ಒಂದು ಸಣ್ಣ ವರ್ಗದ ವಹಿವಾಟು, ಬಹುಪಾಲು ಜನ ಸರ್ಕಾರದೊಂದಿಗೆ ವ್ಯವಹರಿಸುವುದು ‘ರಾಜಕೀಯ ಸಮಾಜ’ದ, ಅಂದರೆ ಮತ ಮತ್ತು ಸ್ಥಳೀಯ ಮುಖಂಡರ ಚೌಕಾಸಿಯ ಮೂಲಕ ಎಂದರು. ಆ ವಿಂಗಡಣೆ ಕಣ್ಣು ತೆರೆಸಿತು, ಆದರೆ ಒಂದು ತೊಂದರೆಯನ್ನೂ ತಂದಿತು. ಬಡವರು ಕಟ್ಟಿಕೊಂಡ ಸಂಘಗಳನ್ನು ಬೇರೆಯೇ ಕಪಾಟಿನಲ್ಲಿಡಲು ವಿದ್ವಾಂಸರಿಗೆ ಅದು ಗೌರವಯುತ ನೆಪವಾಯಿತು.

ಮೂರನೆಯ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ ಒಂದು ಕೃತಿ ಇದೆ: ಹಿಂದೂ-ಮುಸ್ಲಿಂ ಗಲಭೆಗಳ ಬಗ್ಗೆ ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ 2002ರಲ್ಲಿ ಪ್ರಕಟಿಸಿದ ಅಧ್ಯಯನ. 1950ರಿಂದ 1995ರವರೆಗಿನ ಗಲಭೆಗಳ ಲೆಕ್ಕ ತೆಗೆದಾಗ ಸತ್ತವರಲ್ಲಿ ಹಳ್ಳಿಗಳ ಪಾಲು ಶೇ 4ಕ್ಕಿಂತ ಕಡಿಮೆ ಎಂದು ತಿಳಿಯಿತು. ಸಾವುಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಎಂಟೇ ನಗರಗಳಲ್ಲಿ ಆಗಿದ್ದವು. ಅಲೀಗಢ ಉರಿದಾಗ ಕಲ್ಲಿಕೋಟೆ ಏಕೆ ಉರಿಯಲಿಲ್ಲ, ಹೈದರಾಬಾದಿನಲ್ಲಿ ಆದದ್ದು ಲಖನೌದಲ್ಲಿ ಏಕೆ ಆಗಲಿಲ್ಲ, ಅಹಮದಾಬಾದಿಗೂ ಸೂರತ್ತಿಗೂ ಏನು ವ್ಯತ್ಯಾಸ ಎಂದು ಅವರು ಜೋಡಿ ಜೋಡಿಯಾಗಿ ನೋಡಿದರು. ಸಿಕ್ಕ ಉತ್ತರ ಸರಳವಾಗಿತ್ತು, ಆದರೆ ಯಾರಿಗೂ ಹಿತವಾಗುವಂಥದಲ್ಲ. ಪಕ್ಕದ ಮನೆಯವರ ಹಬ್ಬಕ್ಕೆ ಹೋಗುವುದು, ಮಕ್ಕಳು ಒಟ್ಟಿಗೆ ಆಡುವುದು ಇಂಥ ದಿನನಿತ್ಯದ ಬಳಕೆ ಹಳ್ಳಿಗೆ ಸಾಕಾಗಬಹುದು. ಲಕ್ಷಾಂತರ ಜನರ ನಗರದಲ್ಲಿ ಗಾಳಿಮಾತು ಹಬ್ಬಿದ ರಾತ್ರಿ ಅದು ನಿಲ್ಲುವುದಿಲ್ಲ. ನಿಲ್ಲುವುದು ಎರಡೂ ಸಮುದಾಯದವರು ಸದಸ್ಯರಾಗಿರುವ ವ್ಯಾಪಾರಿ ಸಂಘ, ಕಾರ್ಮಿಕ ಸಂಘ, ವಾಚನಾಲಯ, ಪಕ್ಷದ ಘಟಕ. ಅಲ್ಲಿ ಇಬ್ಬರ ಹೊಟ್ಟೆಪಾಡೂ ಒಂದೇ ಗಂಟಿನಲ್ಲಿರುತ್ತದೆ, ವದಂತಿ ಸುಳ್ಳು ಎಂದು ಹೇಳಲು ಗುರುತಿನವರು ಇರುತ್ತಾರೆ, ಹೇಳಿದರೆ ನಂಬುವವರೂ ಇರುತ್ತಾರೆ. ಒಂದೇ ಸಮುದಾಯದ ಸಂಘಗಳು ಎಷ್ಟು ಬಲವಾಗಿದ್ದರೂ ಈ ಕೆಲಸಕ್ಕೆ ಬರುವುದಿಲ್ಲ. ಕೆಲವೊಮ್ಮೆ ಬೆಂಕಿಗೆ ತುಪ್ಪ ಸುರಿಯುವುದೂ ಅವೇ. ವಾರ್ಷ್ಣೇಯ ಮಾತಾಡಿದ್ದು ಧರ್ಮದ ಗೆರೆಯ ಬಗ್ಗೆ. ಅದನ್ನು ಭಾಷೆ ಮತ್ತು ವಲಸೆಯ ಗೆರೆಗೆ ಒಯ್ಯುತ್ತಿರುವುದು ನಾನು. ಬೆಂಗಳೂರಿನ ಈಚಿನ ಚರಿತ್ರೆ ಅದಕ್ಕೆ ಆಧಾರ ಕೊಡುತ್ತದೆ.

ಈ ನಗರದಲ್ಲಿ ಒಂದು ಕಾಲಕ್ಕೆ ಅಂಥ ಮಿಶ್ರ ಸಂಘಗಳು ಇದ್ದವು, ಮತ್ತು ಅವು ಇದ್ದದ್ದು ಕಬ್ಬನ್ ಪಾರ್ಕಿನ ಸುತ್ತಲಿನ ಕ್ಲಬ್ಬುಗಳಲ್ಲಿ ಅಲ್ಲ, ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ಗೇಟಿನ ಒಳಗೆ. ಕನ್ನಡ, ತಮಿಳು, ತೆಲುಗು, ಮಲಯಾಳ ಮಾತಾಡುವವರು ಒಂದೇ ಯೂನಿಯನ್ನಿನ ಸದಸ್ಯರು. ಅದೇ ಗೇಟಿನ ಒಳಗೆ ರಾಜ್ಯೋತ್ಸವ ಮಾಡುವ ಕನ್ನಡ ಸಂಘವೂ ಇತ್ತು. 1980ರ ಡಿಸೆಂಬರಿನಲ್ಲಿ ಶುರುವಾದ ಸಾರ್ವಜನಿಕ ವಲಯದ ಮುಷ್ಕರ 77 ದಿನ ನಡೆಯಿತು, ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಹೊರಗಿದ್ದರು. ಸಂಬಳವಿಲ್ಲದ 77 ದಿನ ಬೇರೆ ಭಾಷೆಯವನ ಪಕ್ಕದಲ್ಲಿ ನಿಂತದ್ದಕ್ಕಿಂತ ದೊಡ್ಡ ಕಾಸ್ಮೊಪಾಲಿಟನ್ ಪರೀಕ್ಷೆಯನ್ನು ಯಾವ ಸಮೀಕ್ಷೆಯೂ ಒಡ್ಡಲಾರದು. ಹಾಗೆಂದು ಆ ಕಾಲವನ್ನು ಚಿನ್ನದ ಕಾಲ ಎನ್ನಲಾಗದು. ಈ ಕಾರ್ಖಾನೆಗಳಲ್ಲಿ ಸ್ಥಳೀಯರಿಗೆ ಕೆಲಸ ಸಿಗುತ್ತಿಲ್ಲ ಎಂಬ ಅಸಮಾಧಾನವೇ ಮುಂದೆ, ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಕೇಳಿದ 1984ರ ಸರೋಜಿನಿ ಮಹಿಷಿ ವರದಿಗೆ ದಾರಿ ಮಾಡಿತು. ಸಂಘದೊಳಗೆ ಬಂದವರಿಗೆ ಒಗ್ಗಟ್ಟು ಸಿಕ್ಕಿತ್ತು, ಗೇಟಿನ ಹೊರಗಿದ್ದವರಿಗೆ ಸಿಕ್ಕಿರಲಿಲ್ಲ. ಆಮೇಲೆ ಎಚ್‌ಎಂಟಿ, ಐಟಿಐಗಳಂಥ ಕಾರ್ಖಾನೆಗಳೇ ಕುಗ್ಗಿದವು. ಅವುಗಳ ಜಾಗಕ್ಕೆ ಬಂದ ಐಟಿ ಉದ್ಯಮಕ್ಕೆ ರಾಜ್ಯ ಸರ್ಕಾರ, ನೌಕರಿಯ ಷರತ್ತುಗಳನ್ನು ಗೊತ್ತುಪಡಿಸುವ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಮತ್ತೆ ಮತ್ತೆ ವಿನಾಯಿತಿ ಕೊಡುತ್ತ ಬಂತು; 2024ರಲ್ಲಿ ಇನ್ನೂ ಐದು ವರ್ಷಕ್ಕೆ ಕೊಟ್ಟಿತು. ಇಡೀ ದೇಶದ ಯುವಜನ ಒಂದೇ ಸೂರಿನಡಿ ಕೂತು ಕೆಲಸ ಮಾಡುವ ಉದ್ಯಮದಲ್ಲಿ, ಅವರೆಲ್ಲ ಸೇರಿ ಕಟ್ಟಿದ ಸಂಘ ಬಹುಮಟ್ಟಿಗೆ ಇಲ್ಲ. 2017ರಲ್ಲಿ ನೋಂದಣಿಯಾದ ಐಟಿ ನೌಕರರ ಯೂನಿಯನ್ ಇನ್ನೂ ಬೇರು ಬಿಡುತ್ತಿದೆ.

2016 ಎಂಬ ಒಂದೇ ವರ್ಷವನ್ನು ಬಿಡಿಸಿ ನೋಡಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಆ ವರ್ಷದ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಬಹುಪಾಲು ಹೆಣ್ಣುಮಕ್ಕಳು, ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ಕೆಲಸ ಬಿಟ್ಟವರು ತಮ್ಮ ಭವಿಷ್ಯನಿಧಿಯ ಪೂರ್ತಿ ಹಣವನ್ನು 58 ವರ್ಷವಾಗುವವರೆಗೆ ಪಡೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಹೊರಡಿಸಿದ್ದ ಅಧಿಸೂಚನೆ ಅವರ ಮಗಳ ಮದುವೆ, ಊರಿನ ಸಾಲ, ಆಸ್ಪತ್ರೆಯ ಬಿಲ್ಲುಗಳಿಗೇ ಕೈ ಹಾಕಿತ್ತು. ದೊಡ್ಡ ನಾಯಕರು ಕರೆ ಕೊಟ್ಟಿರಲಿಲ್ಲ. ಇದ್ದ ಯೂನಿಯನ್ನುಗಳಿಗೇ ಇದು ಅನಿರೀಕ್ಷಿತ. ಎರಡನೇ ದಿನ ಸಂಜೆಯೊಳಗೆ ಕೇಂದ್ರ ಅಧಿಸೂಚನೆಯನ್ನು ವಾಪಸ್ ತೆಗೆದುಕೊಂಡಿತು, ಅದರ ಲಾಭ ಇಡೀ ದೇಶದ ಕಾರ್ಮಿಕರಿಗೆ ಸಿಕ್ಕಿತು. ಅದೇ ವರ್ಷದ ಅಕ್ಟೋಬರ್ 16ರಂದು ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಯೋಜಿಸಿದ್ದ ಉಕ್ಕಿನ ಸೇತುವೆ ಬೇಡ ಎಂದು ಸಾವಿರಾರು ನಾಗರಿಕರು ಮಾನವ ಸರಪಳಿ ಮಾಡಿದರು. 6.7 ಕಿಲೋಮೀಟರ್ ಉದ್ದದ, 1,791 ಕೋಟಿ ರೂಪಾಯಿಯ ಆ ಯೋಜನೆಯನ್ನು ಮುಂದಿನ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಕೈಬಿಟ್ಟಿತು. ಎರಡೂ ಗೆದ್ದ ಹೋರಾಟಗಳೇ. ಒಂದು ನಾಗರಿಕ ಸಮಾಜದ ವಿಜಯ ಎಂದು ಹೆಸರಾಯಿತು, ಇನ್ನೊಂದು ಟ್ರಾಫಿಕ್ ಜಾಮ್, ಕಲ್ಲು ತೂರಾಟ, ಸುಟ್ಟ ಬಸ್ಸುಗಳ ಸುದ್ದಿಯಾಯಿತು. ಹಿಂಸೆ ನಡೆದದ್ದು ನಿಜ, ಅದನ್ನು ಸಮರ್ಥಿಸಬೇಕಿಲ್ಲ. ಆದರೆ ಆ ಎರಡು ದಿನ ರಸ್ತೆಯಲ್ಲಿದ್ದ ಹೆಂಗಸರು ಯಾವ ಜಾತಿ, ಯಾವ ಜಿಲ್ಲೆ, ಯಾವ ಭಾಷೆ ಎಂದು ಪರಸ್ಪರ ಕೇಳಿಕೊಳ್ಳುವ ಅಗತ್ಯವೇ ಬೀಳಲಿಲ್ಲ ಎಂಬುದನ್ನು ಬರೆದವರು ಕಡಿಮೆ.

ಈ ಎರಡು ಗೆಲುವುಗಳ ನಡುವೆ ಸೆಪ್ಟೆಂಬರ್ 12 ಇದೆ. ತಮಿಳುನಾಡಿಗೆ ಕಾವೇರಿ ನೀರು ಬಿಡಬೇಕೆಂಬ ಸುಪ್ರೀಂ ಕೋರ್ಟ್ ಆದೇಶದ ಸಿಟ್ಟಿಗೆ ತಮಿಳುನಾಡು ನೋಂದಣಿಯ ವಾಹನಗಳಿಗೆ ಬೆಂಕಿ ಬಿತ್ತು, ಒಂದೇ ಡಿಪೊದಲ್ಲಿ ನಲವತ್ತಕ್ಕೂ ಹೆಚ್ಚು ಬಸ್ಸುಗಳು ಸುಟ್ಟುಹೋದವು, ಪೊಲೀಸ್ ಗುಂಡಿಗೆ ಜೀವ ಹೋಯಿತು. ನಗರ ತಣ್ಣಗಾದದ್ದು ಕರ್ಫ್ಯೂವಿನಿಂದ. 1991ರ ಡಿಸೆಂಬರಿನಲ್ಲೂ ಹೀಗೇ ಆಗಿತ್ತು, ಇನ್ನೂ ಘೋರವಾಗಿ. ಸೇತುವೆ ಬೇಡವೆಂದು ಕೈಕೈ ಹಿಡಿದವರಲ್ಲಿ ಹಲವು ಭಾಷೆಯವರಿದ್ದರು, ಆದರೆ ಅವರನ್ನು ಸೇರಿಸಿದ್ದು ಬಡಾವಣೆ ಮತ್ತು ವಾಟ್ಸ್‌ಆ್ಯಪ್. ಮಂಡ್ಯದ ಹುಡುಗನಿಗೂ ಧರ್ಮಪುರಿಯ ಲಾರಿ ಚಾಲಕನಿಗೂ ಅಲ್ಲಿ ಜಾಗವಿರಲಿಲ್ಲ. ಭಾಷೆ ಬೇರೆಯಾದರೂ ವರ್ಗ ಒಂದೇ ಆದ ಸಂಘ, ಗಲಭೆ ನಡೆಯುವ ಬೀದಿಯಲ್ಲಿ ಯಾರಿಗೂ ಗುರುತಿಲ್ಲದ ಸಂಘ.

2012ರ ಆಗಸ್ಟ್ ಮಧ್ಯದಲ್ಲಿ ನಡೆದದ್ದು ಇದಕ್ಕಿಂತ ಕಲಿಸುವಂಥದು, ಏಕೆಂದರೆ ಅಲ್ಲಿ ಗಲಭೆಯೇ ಆಗಲಿಲ್ಲ. ಅಸ್ಸಾಮಿನ ಹಿಂಸೆಯ ಬೆನ್ನಿಗೆ ಹರಡಿದ ವದಂತಿಯ ಎಸ್‌ಎಂಎಸ್‌ಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಕೆಲವೇ ದಿನಗಳಲ್ಲಿ ಗುವಾಹಟಿಯ ರೈಲು ಹತ್ತಿದರು. ರಾಜ್ಯದ ಗೃಹ ಸಚಿವರೇ ನಿಲ್ದಾಣಕ್ಕೆ ಹೋಗಿ ಹೋಗಬೇಡಿ ಎಂದು ಕೇಳಿಕೊಂಡರೂ ಬೋಗಿಗಳು ತುಂಬಿದವು. ಕೇಂದ್ರ ಸರ್ಕಾರ ಸಗಟು ಎಸ್‌ಎಂಎಸ್‌ಗಳನ್ನೇ ತಡೆಯಬೇಕಾಯಿತು. ಸೆಕ್ಯೂರಿಟಿ ಕೆಲಸ, ಹೋಟೆಲು, ಬ್ಯೂಟಿ ಪಾರ್ಲರುಗಳಲ್ಲಿ ವರ್ಷಗಟ್ಟಲೆ ದುಡಿದವರಿಗೆ ವದಂತಿ ತಲುಪಿಸಲು ತಮ್ಮವರ ಜಾಲವಿತ್ತು, ಅದನ್ನು ಅಲ್ಲಗಳೆಯಲು ಇಲ್ಲಿನವರೊಂದಿಗೆ ಕೂಡಿದ ಜಾಲವಿರಲಿಲ್ಲ. ಇದು ನನ್ನ ಊಹೆಯೇ ಇರಬಹುದು. ಆದರೆ ಯಾರೂ ಕೈ ಎತ್ತದ ನಗರದಿಂದ ಅಷ್ಟು ಜನ ಓಡಿದ್ದಕ್ಕೆ ಇದಕ್ಕಿಂತ ಹೊಂದುವ ವಿವರಣೆ ನನಗೆ ಕಾಣುತ್ತಿಲ್ಲ. ಇಂಥ ಜಾಲವಿಲ್ಲದವರ ಕಷ್ಟ ಕೊರೊನಾ ಲಾಕ್‌ಡೌನಿನಲ್ಲಿ ಮತ್ತೆ ಕಂಡಿತು: 2020ರ ಮೇ ತಿಂಗಳಿನಲ್ಲಿ ಬಿಲ್ಡರುಗಳ ಜೊತೆಗಿನ ಸಭೆಯ ನಂತರ ರಾಜ್ಯ ಸರ್ಕಾರ ವಲಸೆ ಕಾರ್ಮಿಕರ ರೈಲುಗಳನ್ನು ರದ್ದು ಮಾಡಿ, ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಊಟ ಹಂಚಿದವರು, ಹೈಕೋರ್ಟಿಗೆ ಹೋದವರು ಬಹಳ ಜನ, ಅವರಿಗೆ ಕೃತಜ್ಞತೆ ಸಲ್ಲಬೇಕು. ಆದರೆ ಆ ಸಭೆಯ ಮೇಜಿನಲ್ಲಿ ಬಿಲ್ಡರುಗಳ ಸಂಘ ಇತ್ತು, ಬಿಹಾರ-ಜಾರ್ಖಂಡ್‌ನ ಗಾರೆ ಕೆಲಸದವರ ಸಂಘ ಇರಲಿಲ್ಲ. ದಯೆ ತೋರುವವರು ಸಿಗುವುದಕ್ಕೂ ಕುರ್ಚಿ ಸಿಗುವುದಕ್ಕೂ ಅಂತರವಿದೆ. ಕಾಂಟ್ ದಾನದಿಂದ ಹಕ್ಕನ್ನು ಬೇರ್ಪಡಿಸಿದ್ದು ಸುಮ್ಮನೆ ಅಲ್ಲ.

ಮಿಶ್ರ ಸಂಘ ಎಂದರೆ ನಗರದ್ದೇ ಆಗಬೇಕೆಂದೇನೂ ಇಲ್ಲ. 1999ರಲ್ಲಿ ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘದ ಮುಂದಾಳತ್ವದಲ್ಲಿ ಭಾರತದ ನೂರಾರು ರೈತರು ವಿಶ್ವ ವ್ಯಾಪಾರ ಸಂಸ್ಥೆಯ ನೀತಿಗಳನ್ನು ವಿರೋಧಿಸಿ ಯುರೋಪಿನ ಹಲವು ದೇಶಗಳನ್ನು ಸುತ್ತಿದರು. ಜಾಗತಿಕ ಪ್ರತಿರೋಧದ ಸಂಶೋಧಕರು ಇಂದಿಗೂ ಆ ಯಾತ್ರೆಯನ್ನು ಚರ್ಚಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅಷ್ಟು ದೂರ ಹೋಗದ ಇನ್ನೊಂದು ಪ್ರಯತ್ನ. 2003ರಲ್ಲಿ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಎಸ್. ಜನಕರಾಜನ್ ಅವರ ಮುತುವರ್ಜಿಯಿಂದ ಕರ್ನಾಟಕ-ತಮಿಳುನಾಡುಗಳ ರೈತ ಮುಖಂಡರು ‘ಕಾವೇರಿ ಕುಟುಂಬ’ ಕಟ್ಟಿದರು. ನಮ್ಮ ಕಡೆಯಿಂದ ಕೆ.ಎಸ್. ಪುಟ್ಟಣ್ಣಯ್ಯ ಅದರಲ್ಲಿದ್ದರು. ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ನೀರಿನ ಕಷ್ಟವನ್ನು ಕಣ್ಣಾರೆ ನೋಡಿದರು. ಕೊನೆಗೆ ನೀರು ಹಂಚಿದ್ದು ನ್ಯಾಯಮಂಡಳಿ ಮತ್ತು 2018ರಲ್ಲಿ ಸುಪ್ರೀಂ ಕೋರ್ಟ್, ಕುಟುಂಬದ ಸೂತ್ರವಲ್ಲ. ಅಷ್ಟರಿಂದ ಅದು ಸೋತಿತು ಎನ್ನಬಹುದು. ಆದರೂ ಕಾವೇರಿಯ ವಿಷಯದಲ್ಲಿ ಎರಡೂ ಕಡೆಯ ಸಂತ್ರಸ್ತರು ಒಂದೇ ಪಟ್ಟಿಯಲ್ಲಿ ಹೆಸರು ಬರೆಸಿದ ಉದಾಹರಣೆ ಸಿಗುವುದು ಅಲ್ಲಿಯೇ, ಮಹಾನಗರದ ವಿಶ್ವ ನಾಗರಿಕರಲ್ಲಿ ಅಲ್ಲ.

ಈ ವಾದಕ್ಕೆ ಎದ್ದೇಳುವ ಮೊದಲ ಆಕ್ಷೇಪ ಕನ್ನಡದ ಕುರಿತದ್ದು. ಹೊರಗಿನವರಿಗೆ ಜಾಗ ಕೊಡಿ ಎನ್ನುವ ಮಾತು ಕೊನೆಗೆ ಕನ್ನಡ ಕೇಳುವವರನ್ನು ಸಂಕುಚಿತರು ಎನ್ನುವಲ್ಲಿಗೇ ತಲುಪುವುದಿಲ್ಲವೇ? ಹಲವು ಬರಹಗಳಲ್ಲಿ ಹಾಗೆ ತಲುಪಿದೆ, ಅದು ತಪ್ಪು. ಬೆಂಗಳೂರಿನ ಕನ್ನಡ ಚಳವಳಿಯಲ್ಲಿ ನಗರದ ಮೇಲೆ ಹಕ್ಕು ಕಳೆದುಕೊಂಡವರ ದನಿಯಿದೆ ಎಂಬುದನ್ನು ಇತಿಹಾಸಕಾರ್ತಿ ಜಾನಕಿ ನಾಯರ್ 2005ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. 2017ರಲ್ಲಿ ಮೆಟ್ರೊ ಫಲಕಗಳಲ್ಲಿ ಹಿಂದಿ ಬೇಡ ಎಂದವರು ಕೇಳಿದ್ದು ತಮ್ಮ ಊರಿನ ಸಾರ್ವಜನಿಕ ಸೇವೆ ತಮ್ಮ ನುಡಿಯಲ್ಲಿರಲಿ ಎಂದು. ಅತಿಥಿಯನ್ನು ಹೊರಗಟ್ಟಿ ಎಂದಲ್ಲ. 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಯನ್ನು ಉದ್ಯಮಿಗಳ ವಿರೋಧಕ್ಕೆ ಸರ್ಕಾರ ತಡೆಹಿಡಿದಾಗ ಕಾಸ್ಮೊಪಾಲಿಟನ್ ಎಂಬ ಮಾತು ಯಾರ ಅನುಕೂಲಕ್ಕೆ ಬಳಕೆಯಾಯಿತು ಎಂಬುದನ್ನು ಎಲ್ಲರೂ ಕಂಡರು. ಮಸೂದೆ ಒಳ್ಳೆಯದಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಅಪಾರ್ಟ್‌ಮೆಂಟ್ ಸಂಘಕ್ಕೆ ಹಿಡಿದ ಅಳತೆಗೋಲನ್ನೇ ಕನ್ನಡಪರ ಸಂಘಟನೆಗೂ ಹಿಡಿಯಬೇಕು: ಮೂವತ್ತು ವರ್ಷದಿಂದ ಇಲ್ಲಿರುವ ತಮಿಳು ಆಟೊ ಚಾಲಕ, ಕನ್ನಡ ಕಲಿತ ಒಡಿಶಾದ ಹೊಲಿಗೆ ಕೆಲಸದವಳು ಅದರ ಪದಾಧಿಕಾರಿಯಾಗಲು ಸಾಧ್ಯವೇ? ಆಗಬಹುದಾದರೆ ಕನ್ನಡಕ್ಕೆ ಸಿಗುವ ಬಲ ಫಲಕ ಬದಲಿಸುವುದಕ್ಕಿಂತ ದೊಡ್ಡದು.

ಎರಡನೆಯ ಆಕ್ಷೇಪ ಹೆಚ್ಚು ಆಕರ್ಷಕ. ಸಂಘ ಗಿಂಘ ಯಾಕೆ, ನಮ್ಮ ಪೇಟೆಗಳಲ್ಲಿ ಜನ ಶತಮಾನಗಳಿಂದ ನಾಲ್ಕು ಭಾಷೆ ಮಾತಾಡಿಕೊಂಡು ಬದುಕಿಲ್ಲವೇ? ಸಮಾಜ ಚಿಂತಕ ಆಶಿಶ್ ನಂದಿ ಕೊಚ್ಚಿಯಲ್ಲಿ ಕಂಡ ಪರ್ಯಾಯ ಕಾಸ್ಮೊಪಾಲಿಟನ್ ಬದುಕು ಇಂಥದೇ. ಚಿಕ್ಕಪೇಟೆ, ಶಿವಾಜಿನಗರಗಳಲ್ಲಿ ಇದು ಇರುವುದು ನಿಜ, ಅದು ಬೆಲೆಬಾಳುವಂಥದು. ಆದರೆ 1991ರಲ್ಲೂ 2016ರಲ್ಲೂ ನಾಲ್ಕು ಭಾಷೆಯ ಪೇಟೆಗಳು ಇದ್ದವು, ಅವುಗಳಿಂದ ಬೆಂಕಿ ನಿಲ್ಲಲಿಲ್ಲ. ಇನ್ನು ಮಿಶ್ರ ಸಂಘಗಳನ್ನು ಬೇಕೆಂದಾಗ ಹುಟ್ಟಿಸಲು ಬರುವುದಿಲ್ಲ, ಅವು ಕೆಲವು ಊರುಗಳ ಪುಣ್ಯ ಎನ್ನುವವರಿಗೆ ಕಲ್ಲಿಕೋಟೆಯನ್ನೇ ತೋರಿಸಬಹುದು. ಅದು ಇರುವ ಮಲಬಾರಿನಲ್ಲಿ 1921ರ ಮಾಪಿಳ್ಳೆ ದಂಗೆ ನಡೆಯಿತು. ಶಾಂತಿ ಅಲ್ಲಿನ ಮಣ್ಣಿನ ಗುಣವಲ್ಲ, ಆಮೇಲಿನ ಪಕ್ಷಗಳು, ಸಂಘಗಳು, ವಾಚನಾಲಯಗಳು ಕಟ್ಟಿದ್ದು. ಬೆಂಗಳೂರಿನಲ್ಲೇ 2022ರ ಜುಲೈನಲ್ಲಿ ಗುತ್ತಿಗೆ ಪೌರಕಾರ್ಮಿಕರು ಕಾಯಮಾತಿ ಕೇಳಿ ಪೊರಕೆ ಕೆಳಗಿಟ್ಟು ಕೂತರು, ನಾಲ್ಕೇ ದಿನದಲ್ಲಿ ಸರ್ಕಾರದಿಂದ ಭರವಸೆ ಪಡೆದರು. ಅವರಲ್ಲಿ ದೊಡ್ಡ ಪಾಲು ಮನೆಯಲ್ಲಿ ತೆಲುಗು ಮಾತಾಡುವ ದಲಿತ ಹೆಣ್ಣುಮಕ್ಕಳು, ಸಂಘದ ವ್ಯವಹಾರ ಕನ್ನಡದಲ್ಲಿ. ಬೈಕಿನಲ್ಲಿ ಊಟ ತಲುಪಿಸುವ ಹುಡುಗರು ಹಲವು ರಾಜ್ಯದವರು. ಅವರ ಸಂಘಟನೆಗಳ ಒತ್ತಾಯಕ್ಕೆ 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆಯನ್ನೇ ತಂದಿತು. ನಾಗರಿಕ ಸಮಾಜ ಎಂಬ ಅಧ್ಯಾಯದಲ್ಲಿ ಇವರ ಹೆಸರು ಹುಡುಕಿದರೆ ಸಿಗುವುದು ಕಷ್ಟ, ಕಾರ್ಮಿಕ ಅಧ್ಯಯನದ ಕಪಾಟಿಗೆ ಹೋಗಬೇಕು.

ಸಂಶೋಧಕರು ಕಪಾಟು ಬದಲಿಸುವುದರಿಂದ ನಗರ ಬದಲಾಗದು, ಆದರೆ ಸರ್ಕಾರ ಯಾರನ್ನು ನಾಗರಿಕರ ಪ್ರತಿನಿಧಿ ಎಂದು ಕರೆಯುತ್ತದೆ ಎಂಬುದು ಬಹುಮಟ್ಟಿಗೆ ಇಂಥ ವಿಂಗಡಣೆಗಳ ಮೇಲೆಯೇ ನಿಂತಿದೆ. ಬಿಬಿಎಂಪಿಯ ವಾರ್ಡ್ ಸಮಿತಿಗಳಲ್ಲಿ ನಿವಾಸಿಗಳ ಸಂಘಗಳಿಗೆ ಕಾಯ್ದೆಯೇ ಸ್ಥಾನ ಗೊತ್ತು ಮಾಡಿತ್ತು; ಅದೇ ವಾರ್ಡಿನಲ್ಲಿ ಕಸ ಗುಡಿಸುವವರ, ಬಟ್ಟೆ ಹೊಲಿಯುವವರ, ಗಾರೆ ಕಲಸುವವರ ಸಂಘಕ್ಕೆ ಅಂಥ ಖಾತರಿ ಇರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಐದು ವರ್ಷ ಚುನಾಯಿತ ಸದಸ್ಯರೇ ಇಲ್ಲದೆ ನಗರ ನಡೆಯಿತು, 2025ರ ಸೆಪ್ಟೆಂಬರಿನಲ್ಲಿ ಅದು ಐದು ಪಾಲಿಕೆಗಳಾಗಿ ಒಡೆಯಿತು. ಹೊಸ ಪಾಲಿಕೆಗಳ ವಾರ್ಡ್ ಸಮಿತಿಗಳಲ್ಲಿ ಕಾರ್ಮಿಕ ಸಂಘಕ್ಕೆ ಒಂದು, ಬಾಡಿಗೆ ಮನೆಯ ವಲಸಿಗರಿಗೆ ಒಂದು ಸ್ಥಾನವನ್ನು ನಿಯಮದಲ್ಲೇ ಬರೆಯಲು ದೊಡ್ಡ ಖರ್ಚೇನೂ ಇಲ್ಲ. ಹೆಸರು ಊರಿನ ಮತದಾರರ ಪಟ್ಟಿಯಲ್ಲಿದೆ ಎಂಬ ಕಾರಣಕ್ಕೆ ಇಲ್ಲಿ ಅವರ ಮಾತಿಗೆ ಬೆಲೆಯಿಲ್ಲ ಎನ್ನುವುದಾದರೆ, ಚರಂಡಿ ಎಲ್ಲಿ ಕಟ್ಟಿದೆ, ಬೀದಿದೀಪ ಎಲ್ಲಿ ಉರಿಯುತ್ತಿಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ವಾರ್ಡಿನಲ್ಲಿ ಯಾರು ಎಂಬುದನ್ನು ಸಮಿತಿಯವರೇ ಹೇಳಲಿ.